ಹೊಂಡದ ಗೌಡರು

ಕಳಸದ ಕಡೆ ತೋಟಕ್ಕೊಂದು ಹೊಂಡವಾದರೆ, ಊರಿಗೊಬ್ಬರು ಹೊಂಡದ ಗೌಡರು. ತೋಡಿಸಿದ್ದು ಹೂಮಳೆ ಕೈಕೊಟ್ಟರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾರಿಸಲಿಕ್ಕೆ. ನೀರು ಸುಮ್ಮನೆ ಯಾಕಿರಬೇಕು ಎಂದು ಯಾರೋ ಅಂದದ್ದೇ ತಡ, ಗೌಡರು ಭದ್ರಾ ಅಣೆಕಟ್ಟಿನ ಬಿ.ಆರ್.ಪಿ.ಗೆ ಹೋಗಿ ಆಕ್ಸಿಜನ್ ತುಂಬಿದ ಚೀಲದಲ್ಲಿ ಮೀನುಮರಿ ತಂದರು. ಭದ್ರೆ ನಮ್ಮೂರಿಂದ ಇಳಿದು ಅಲ್ಲಿಗೆ ಹೋಗುತ್ತಾಳೆ. ಮರಿಗಳು ಅಲ್ಲಿಂದ ಜೀಪು ಹತ್ತಿ ಬರುತ್ತವೆ. ಅಂದಿನಿಂದ ಗೌಡರು ಕಾಫಿ ರೇಟು ಕೇಳಿದ್ದಿಲ್ಲ.

ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಹೊಂಡದ ದರ್ಶನ. "ಕಾಟ್ಲಾ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಅವರವರ ಪಾಲು ಅವರವರಿಗೆ, ಜಗಳವೇ ಇಲ್ಲ!" ಎನ್ನುತ್ತಾರೆ. ತಮ್ಮನ ಜೊತೆಗಿನ ಪಾಲಿನ ಕೇಸು ಮೂಡಿಗೆರೆ ಕೋರ್ಟಿನಲ್ಲಿದೆ. ಆಮೇಲೆ ವಾಚು ಬಿಚ್ಚಿ, ತೋಳು ಮಡಚಿ, ಮೊಣಕೈವರೆಗೆ ಕೈ ಮುಳುಗಿಸುತ್ತಾರೆ. ಅಂಗೈ ಮಸುಕಾಗಿ ಕಂಡರೆ ನೀರು ಹದ. ಚೆನ್ನಾಗಿ ಕಂಡರೆ ಸಗಣಿ ಸಾಲದು; ಕಾಣದೇ ಹೋದರೆ ಪಾಚಿ ಜಾಸ್ತಿ, ಸಗಣಿ ಬಂದ್. ಮಲೆನಾಡಿನ ಮಣ್ಣು ಹುಳಿ, ಅದಕ್ಕೆ ಸುಣ್ಣ. ತೌಡು, ಕಡಲೆಕಾಯಿ ಹಿಂಡಿ ಮೀನಿನ ತೂಕದ ಸೇಕಡ 2ರಿಂದ 3ರಷ್ಟು. ತೂಗಿದವರು ಯಾರು ಎಂದು ಮಾತ್ರ ಕೇಳಬೇಡಿ.

ಮೋಡ ಮುಚ್ಚಿದ ದಿನ ಗೌಡರಿಗೆ ನಿದ್ದೆಯಿಲ್ಲ. ರಾತ್ರಿ ಪಾಚಿಯೂ ಉಸಿರಾಡಿ, ಬೆಳಗಿನ ಜಾವಕ್ಕೆ ನೀರಿನ ಆಮ್ಲಜನಕ ಇಳಿದಿರುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಗೌಡರು ಟಾರ್ಚು ಹಿಡಿದು ಹೋಗಿ, ಪಂಪು ಹಾಕಿ, ನೀರನ್ನು ಮೇಲಿಂದ ಚಿಮ್ಮಿಸುತ್ತಾ ನಿಲ್ಲುತ್ತಾರೆ. "ನನಗೆ ಉಬ್ಬಸ ಬಂದಾಗ ಮಗ್ಗುಲು ಬದಲಿಸಿದ್ದಷ್ಟೇ" ಎಂಬುದು ಗೌಡಿತಿಯವರ ಹೇಳಿಕೆ. ಕಾಫಿ ಹಣ್ಣು ಸುಲಿದ ಪಲ್ಪರ್ ನೀರು ಹೊಂಡದ ಕಡೆ ತಿರುಗಿತೋ, ಮೇಸ್ತ್ರಿಗೆ ಆ ದಿನ ಗ್ರಹಚಾರ. ಕೊಳೆತ ನೀರು ಮೀನಿನ ಉಸಿರನ್ನೇ ಕಸಿಯುತ್ತದೆ. ನೀರುನಾಯಿ, ಮಿಂಚುಳ್ಳಿಗಳ ಮೇಲಿನ ಬೈಗುಳ ಇಲ್ಲಿ ಅಚ್ಚು ಮಾಡುವಂಥದ್ದಲ್ಲ.

ನಿಜವಾದ ಯುದ್ಧ ಫೆಬ್ರವರಿ, ಮಾರ್ಚಿನಲ್ಲಿ. ಮಗ ಸ್ಪ್ರಿಂಕ್ಲರ್ ಪೈಪು ಹೊತ್ತು ಬರುತ್ತಾನೆ. ಅಪ್ಪ ಏರಿಯ ಮೇಲೆ ಕುರ್ಚಿ ಹಾಕಿ ಕೂರುತ್ತಾರೆ. ಬೆಳೆಗಾರರೆಲ್ಲ ಕಾಫಿ ಹೂವಿಗಾಗಿ ಕಳಸೇಶ್ವರನಲ್ಲಿ ಮಳೆ ಬೇಡಿದರೆ, ಗೌಡರು ಬೇಡುವುದು ಕಾಟ್ಲಾಗಾಗಿ.

"ಯಾವಾಗ ಹಿಡಿಸುತ್ತೀರಿ?" ಎಂದರೆ, "ಇನ್ನೊಂಚೂರು ದೊಡ್ಡದಾಗಲಿ." ಹೋದ ವರ್ಷವೂ ಇದೇ ಮಾತು. ನೆಂಟರ ತಟ್ಟೆಗೆ ಬೀಳುವುದು ಮಂಗಳೂರಿಂದ ಘಟ್ಟ ಹತ್ತಿ ಬಂದ ಮೀನು. ಹಾಗಾಗಿ ಹೊಂಡದ ಗೌಡರ ಮನೆಗೆ ಊಟಕ್ಕೆ ಹೊರಟವರು ಕಳಸ ಪೇಟೆಯಲ್ಲಿ ಒಂದು ಕೆಜಿ ಬಂಗುಡೆ ಕಟ್ಟಿಸಿಕೊಂಡೇ ಹೋಗಿ.