ಸ್ಕ್ಯಾನರ್‌ಗೆ ಬುದ್ಧಿ ಹೇಳಿದ್ದು

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರ ಕಿವಿ ಬಹಳ ಚುರುಕು. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ, ಸರ್ಕಾರವೇ ಒಪ್ಪಿ ಮೊಹರು ಹಾಕಿದೆ. ಇಲ್ಲದಿದ್ದರೆ ಅಣುಶಕ್ತಿ ಇಲಾಖೆಯವರು 1965ರಷ್ಟು ಹಿಂದೆಯೇ ಮುಂಬಯಿಯಿಂದ ಹುಡುಕಿಕೊಂಡು ಬಂದು ಗೌರಿಬಿದನೂರಿನ ಬಂಡೆಗಳ ನಡುವೆ ಭೂಕಂಪಮಾಪಕಗಳನ್ನು ಸಾಲುಗಟ್ಟಿ ಇಡುತ್ತಿದ್ದರೇ? ದೂರದ ಯಾವುದೋ ದೇಶ ನೆಲದಡಿಯಲ್ಲಿ ಗುಟ್ಟಾಗಿ ಅಣುಬಾಂಬು ಸಿಡಿಸಿದರೆ ಅದರ ನಡುಕ ಗೌರಿಬಿದನೂರಿಗೆ ಗೊತ್ತಾಗುತ್ತದೆ. ಇದು ನೆಲದ ಕಡೆಗಿಟ್ಟ ಕಿವಿ. 1976ರ ಹೊತ್ತಿಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಸೇರಿ ಅದೇ ತಾಲ್ಲೂಕಿನಲ್ಲಿ ಒಂದು ರೇಡಿಯೊ ದೂರದರ್ಶಕವನ್ನು ಕಟ್ಟಿದವು. ಇದು ಮುಗಿಲ ಕಡೆಗಿಟ್ಟ ಕಿವಿ. ನೆಲಕ್ಕೂ ಮುಗಿಲಿಗೂ ನಡುವೆ ಉಳಿದದ್ದು ಮನುಷ್ಯರ ಮಾತು. ಆ ವಿಭಾಗವನ್ನು ಶಿಡ್ಲಘಟ್ಟದ ನನ್ನ ಸೋದರತ್ತೆ ನೋಡಿಕೊಳ್ಳುತ್ತಾರೆ.

ಇಷ್ಟು ಕಿವಿಗಳಿರುವ ಜಿಲ್ಲೆಗೆ ಅಮೆರಿಕದಿಂದ ಇನ್ನೊಂದು ಕಿವಿಯನ್ನು ಹೊತ್ತು ತಂದವನು ನನ್ನ ಬಾಮೈದ. ಅಂಗೈಯಗಲದ ಕಪ್ಪು ಪೆಟ್ಟಿಗೆ, ತಲೆಯ ಮೇಲೊಂದು ಗಿಡ್ಡ ಏರಿಯಲ್, ಹೊಟ್ಟೆಯೊಳಗೆ ಪೆನ್ಸಿಲ್ ಸೆಲ್ಲು. "ರೇಡಿಯೊ ಸ್ಕ್ಯಾನರ್ ಭಾವ. ನಿಮಗೆ ಹವ್ಯಾಸಿ ರೇಡಿಯೊದ ಹ್ಯಾಮ್ ಲೈಸೆನ್ಸ್ ಇದೆಯಲ್ಲ, ಅದಕ್ಕೇ ತಂದೆ. ನಮ್ಮೂರಲ್ಲಿ ಇದನ್ನಿಟ್ಟುಕೊಂಡರೆ ಫೈರ್ ಎಂಜಿನ್ ಯಾರ ಮನೆಗೆ ಹೊರಟಿತು ಅಂತ ಎಂಜಿನ್‌ಗಿಂತ ಮುಂಚೆ ನಮಗೆ ಗೊತ್ತಾಗುತ್ತೆ" ಎಂದ. ಅವನು ಹೇಳುವ "ನಮ್ಮೂರು" ಈಗ ನ್ಯೂಜೆರ್ಸಿ.

ಸಾಮಾನ್ಯ ರೇಡಿಯೊ ಒಂದು ಸ್ಟೇಷನ್ನಿಗೆ ಅಂಟಿಕೊಂಡು ಕೂರುತ್ತದೆ. ಸ್ಕ್ಯಾನರ್ ಕೂರುವ ಜಾತಿಯಲ್ಲ. ನೂರಾರು ಫ್ರೀಕ್ವೆನ್ಸಿಗಳ ಮೇಲೆ ಸರಸರನೆ ಓಡುತ್ತ, ಎಲ್ಲಿ ದನಿ ಕೇಳಿತೋ ಅಲ್ಲಿ ನಿಂತು, ಮಾತು ಮುಗಿದ ಮೇಲೂ ಆ ಕಡೆಯವರ ಉತ್ತರಕ್ಕೆಂದು ಒಂದೆರಡು ಸೆಕೆಂಡು ಕಾದು, ಆಮೇಲೆ ಮುಂದಕ್ಕೆ ಓಡುತ್ತದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತ ನಮ್ಮತ್ತೆ ಮಾಡುವುದೂ ಇದನ್ನೇ. ಎದುರು ಮನೆಯ ಅಡುಗೆಮನೆ, ಪಕ್ಕದ ಮನೆಯ ಹಿತ್ತಿಲು, ಬೀದಿ ನಲ್ಲಿ, ಮೂಲೆಯ ಕಾಫಿ ಅಂಗಡಿ, ಎಲ್ಲವನ್ನೂ ಒಂದು ಸುತ್ತು ಹಾಕಿ ಬರುತ್ತಾರೆ. ವ್ಯತ್ಯಾಸ ಇಷ್ಟೇ: ಸ್ಕ್ಯಾನರ್ ದನಿ ಎದ್ದ ಕಡೆ ನಿಲ್ಲುತ್ತದೆ, ಅತ್ತೆ ದನಿ ಇಳಿದ ಕಡೆ ನಿಲ್ಲುತ್ತಾರೆ.

ಆದರೆ ಯಂತ್ರಕ್ಕೆ ಹುಟ್ಟಿನಿಂದ ಬಂದ ಜ್ಞಾನವಿಲ್ಲ. ಎಲ್ಲೆಲ್ಲಿ ಕಿವಿಗೊಡಬೇಕೆಂದು ಒಂದೊಂದಾಗಿ ಹೇಳಿಕೊಡಬೇಕು. ಇದಕ್ಕೆ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಮೊದಮೊದಲು ಅದರ ಮೈಮೇಲಿನ ಗುಂಡಿಗಳನ್ನೇ ಒತ್ತಿ ಒತ್ತಿ ಅಂಕಿಗಳನ್ನು ತುಂಬಬೇಕಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಕೇಬಲ್ಲಿನಲ್ಲಿ ಇಳಿಸುವ ಕ್ರಮ ಬಂತು. 2010ರಲ್ಲಿ ಯೂನಿಡೆನ್ ಕಂಪನಿ ಹೋಮ್‌ಪೆಟ್ರೋಲ್ ಎಂಬ ಸ್ಕ್ಯಾನರ್ ತಂದ ಮೇಲಂತೂ ಅಮೆರಿಕದವರು ಊರಿನ ಜಿಪ್ ಕೋಡ್ ಒತ್ತಿದರೆ ಸಾಕು, ಆ ಊರಿನ ಫ್ರೀಕ್ವೆನ್ಸಿಗಳೆಲ್ಲ ತಾವಾಗಿಯೇ ಬಂದು ಕೂರುವಂತಾಯಿತು. ಈಗ ಕಂಪ್ಯೂಟರೂ ಬೇಡ, ಟ್ಯಾಬ್ ಅಥವಾ ಮೊಬೈಲಿನಿಂದಲೇ ಕೆಲಸ ಮುಗಿಯುತ್ತದೆ ಎಂದು ಬಾಮೈದ ಹೇಳಿದ. ಚಿಕ್ಕಬಳ್ಳಾಪುರದ ಪಿನ್ ಕೋಡ್ 562101. ಅದನ್ನು ಜಿಪ್ ಕೋಡಿನ ಜಾಗದಲ್ಲಿ ಹಾಕೋಣವೆಂದರೆ ಅವರದು ಐದು ಅಂಕಿ, ನಮ್ಮದು ಆರು. ಕೊನೆಯ ಒಂದಕ್ಕೆ ಅಲ್ಲಿ ಜಾಗವೇ ಇಲ್ಲ. ಹೀಗಾಗಿ ಎಲ್ಲವನ್ನೂ ಕೈಯಾರೆ ತುಂಬುವುದೆಂದಾಯಿತು.

ಮನೆಯಲ್ಲಿದ್ದ ಟ್ಯಾಬ್ ಮಗಳ ಟ್ಯೂಷನ್ನಿನದು. ಅವಳ ಅಪ್ಪಣೆ ಪಡೆದು, ಆ್ಯಪ್ ಇಳಿಸಿ, ಸ್ಕ್ಯಾನರಿಗೆ ಕೇಬಲ್ ಚುಚ್ಚಿದೆವು. ಟ್ಯಾಬ್ ಕಣ್ಣೆತ್ತಿಯೂ ನೋಡಲಿಲ್ಲ. ಬಿ.ಬಿ. ರಸ್ತೆಯ ಮೊಬೈಲ್ ಅಂಗಡಿಯ ಹುಡುಗ ಕೇಬಲ್ಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಸಾರ್, ಇದು ಚಾರ್ಜಿಂಗ್ ಕೇಬಲ್, ಕರೆಂಟ್ ಮಾತ್ರ ಹೋಗೋದು. ಡೇಟಾಗೆ ಬೇರೆ. ಟ್ಯಾಬ್‌ಗೆ ಹಾಕೋಕೆ ಒಟಿಜಿ ಬೇರೆ" ಎಂದ. ನೋಡಲು ಎಲ್ಲವೂ ಒಂದೇ ಥರದ ಕಪ್ಪು ದಾರ. ಒಳಗೆ ಎರಡೇ ತಂತಿಯಿದ್ದರೆ ಹೊಟ್ಟೆಪಾಡು ಮಾತ್ರ, ನಾಲ್ಕಿದ್ದರೆ ಮಾತುಕತೆಯೂ ನಡೆಯುತ್ತದೆ. ಒಟಿಜಿ ಎಂಬುದು ಟ್ಯಾಬಿಗೆ "ಇವತ್ತು ಯಜಮಾನ ನೀನು" ಎಂದು ಹೇಳುವ ಪುಟ್ಟ ಮೂತಿ. ಅದನ್ನು ಸಿಕ್ಕಿಸಿದ್ದೇ ಟ್ಯಾಬಿಗೆ ಎಲ್ಲಿಲ್ಲದ ಹುರುಪು ಬಂತು. ಆದರೆ ಪಾಪ, ಅದಕ್ಕಿರುವುದು ಒಂದೇ ಬಾಯಿ. ಸ್ಕ್ಯಾನರಿನ ಕೇಬಲ್ ಅಲ್ಲಿ ಕೂತ ಮೇಲೆ ಚಾರ್ಜರಿಗೆ ಜಾಗವೆಲ್ಲಿ? ನಾವು ಒಂದೊಂದು ಸಾಲು ತುಂಬಿದಂತೆಲ್ಲ ಬ್ಯಾಟರಿ ಇಳಿಯುತ್ತ ಹೋಯಿತು, ಮಗಳ ಮುಖವೂ ಅದರ ಜೊತೆಗೇ ಇಳಿಯಿತು.

ಪರದೆಯ ಮೇಲೆ ಖಾನೆಗಳು ಮೂಡಿದವು. ಫ್ರೀಕ್ವೆನ್ಸಿಗೊಂದು ಖಾನೆ. ಹೆಸರಿಗೊಂದು ಖಾನೆ, ಅದೂ ಇಂಗ್ಲಿಷಿನ ಹದಿನಾರು ಅಕ್ಷರದೊಳಗೆ. ಚಿಕ್ಕಬಳ್ಳಾಪುರ ಎಂದು ಬರೆದರೆ ಒಂದೇ ಅಕ್ಷರದಷ್ಟು ಜಾಗ ಉಳಿಯುತ್ತದೆ. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ಒಂದು, ಯಾವುದಕ್ಕೆ ಮೊದಲ ಮರ್ಯಾದೆ ಎಂಬುದಕ್ಕೆ ಒಂದು. ಕಟ್ಟಕಡೆಗೆ ಲಾಕ್‌ಔಟ್ ಎಂಬ ಖಾನೆ. ಅಲ್ಲಿ ಗುರುತು ಹಾಕಿದರೆ ಸ್ಕ್ಯಾನರ್ ಆ ಚಾನೆಲ್ಲನ್ನು ಕಂಡೂ ಕಾಣದ ಹಾಗೆ ದಾಟಿ ಹೋಗುತ್ತದೆ. ಮೊದಲ ಖಾನೆಯನ್ನು ಬಾಮೈದ ತುಂಬುತ್ತ ಹೋದ, ಕೊನೆಯದನ್ನು ನಾನು ತುಂಬುತ್ತ ಹೋದೆ.

ಯಾಕೆಂದರೆ ನಮ್ಮಲ್ಲಿ ಗಾಳಿಯಲ್ಲಿ ತೇಲುವುದಕ್ಕೂ ಕಾನೂನುಂಟು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ, ಆ ಅಜ್ಜಂದಿರ ಗಾದಿಗೆಂದು ತಂದ 2023ರ ದೂರಸಂಪರ್ಕ ಕಾಯ್ದೆ. ನಮ್ಮ ತಾತ ಮನೆಯ ರೇಡಿಯೊಗೆ ವರ್ಷ ವರ್ಷ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರುತ್ತಿದ್ದರು. ಕೃಷಿ ವಾರ್ತೆ ಕೇಳುವುದಕ್ಕೂ ಅಪ್ಪಣೆ ಬೇಕಿದ್ದ ಕಾಲ. ಆ ಲೈಸೆನ್ಸ್ 1980ರ ದಶಕದಲ್ಲಿ ಹೋಯಿತು, ಮಿಕ್ಕ ಕಟ್ಟುಪಾಡುಗಳು ಹೋಗಿಲ್ಲ. ಬಾಮೈದ ಪೊಲೀಸ್ ಎಂದ, ಲಾಕ್‌ಔಟ್. ಅಗ್ನಿಶಾಮಕ ಎಂದ, ಲಾಕ್‌ಔಟ್. "ವಿಮಾನದ್ದಾದ್ರೂ ಇರಲಿ ಭಾವ, ದೇವನಹಳ್ಳಿ ಏರ್‌ಪೋರ್ಟ್ ಪಕ್ಕದಲ್ಲೇ ಇದೆ, 118ರಿಂದ 137 ಮೆಗಾಹರ್ಟ್ಜ್ ಒಳಗೆ ಎಲ್ಲಾ ಸಿಗುತ್ತೆ" ಎಂದು ಗೋಗರೆದ. ವಿಮಾನ ಎಲ್ಲಿದೆಯೆಂದು ಮೊಬೈಲಿನ ಆ್ಯಪಿನಲ್ಲಿ ಎಷ್ಟು ಬೇಕಾದರೂ ನೋಡು, ಪೈಲಟ್ ಏನು ಮಾತಾಡಿದನೆಂಬ ಉಸಾಬರಿ ನಮಗೆ ಬೇಡ ಎಂದೆ. "ಮತ್ತೆ ಈ ಊರಲ್ಲಿ ಏನು ಕೇಳೋದು?" ಎಂದು ಅವನು ಟ್ಯಾಬ್ ಕೆಳಗಿಟ್ಟ.

ಶಿಡ್ಲಘಟ್ಟಕ್ಕೆ ಹೋದಾಗ ಯಂತ್ರವನ್ನು ಅತ್ತೆಯ ಕೈಗಿಟ್ಟೆವು. ಅವರು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಬೆಂಗಳೂರು ಆಕಾಶವಾಣಿ ಬರುತ್ತೇನೋ?" ಬಾಮೈದ ನನ್ನ ಮುಖ ನೋಡಿದ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಜ್. ಈ ಸ್ಕ್ಯಾನರಿನ ಓಟ ಶುರುವಾಗುವುದೇ 25 ಮೆಗಾಹರ್ಟ್ಜಿನಿಂದ. "ಅದು ಇದಕ್ಕೆ ತುಂಬಾ ಕೆಳಗಾಯ್ತು ಅತ್ತೆ" ಎಂದೆ. "ಆಕಾಶವಾಣಿ ಅದಕ್ಕೆ ಕೆಳಗಾಯ್ತಾ? ಅಷ್ಟು ದೊಡ್ಡ ಮನುಷ್ಯನನ್ನ ನಮ್ಮನೆಗೆ ಯಾಕೆ ಕರ್ಕೊಂಡು ಬಂದ್ರಿ?" ಎಂದು ಸ್ಕ್ಯಾನರನ್ನು ಮೊರದ ಪಕ್ಕಕ್ಕಿಟ್ಟರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರೊಫೆಸರು. ಕನ್ನಡಿಗರ ಮನೆಯೊಳಗೆ ಪೆಟ್ಟಿಗೆಯೊಂದು ಮಾತಾಡಬೇಕಾದರೆ ಮೊದಲು ಯಾರನ್ನು ಒಲಿಸಿಕೊಳ್ಳಬೇಕೆಂದು ಅವರಿಗೆ ಗೊತ್ತಿದ್ದಿರಬೇಕು.

ಸಂಜೆ ಬಾಮೈದನಿಗೆ ರೇಷ್ಮೆ ಗೂಡಿನ ಮಾರುಕಟ್ಟೆಯ ಕತೆ ಹೇಳಿದೆ. ಇಲ್ಲಿ ಈಗ ಇ-ಹರಾಜು. ಬುಟ್ಟಿಗಟ್ಟಲೆ ಗೂಡು ಎದುರಿಗಿರುತ್ತದೆ, ರೀಲರುಗಳು ಮೊಬೈಲ್ ಮೇಲೆ ಬೆರಳಾಡಿಸುತ್ತಾರೆ, ರೇಟು ಪರದೆಯ ಮೇಲೆ ಮೂಡುತ್ತದೆ. ಜಾತ್ರೆಯ ದನದ ವ್ಯಾಪಾರ ಇನ್ನೂ ಗುಟ್ಟಿನದು. ದಲ್ಲಾಳಿಯೂ ಗಿರಾಕಿಯೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು, ಬೆರಳು ಅಮುಕಿ ರೇಟು ಹೇಳಿಕೊಳ್ಳುತ್ತಾರೆ. ಮೇಲೆ ಇಬ್ಬರದೂ ಮಳೆ ಬೆಳೆಯ ಮಾತು, ಕೆಳಗೆ ಸಾವಿರಾರು ರೂಪಾಯಿಯ ಜಗ್ಗಾಟ. ಪಕ್ಕದಲ್ಲೇ ನಿಂತ ಎತ್ತಿಗೂ ತನ್ನ ಬೆಲೆ ಗೊತ್ತಾಗುವುದಿಲ್ಲ. "ಯಾವ ಬ್ಯಾಂಡ್ ಭಾವ ಅದು?" ಎಂದು ಬಾಮೈದ ಕೇಳಿದ. ಟವೆಲ್ ಬ್ಯಾಂಡ್ ಎಂದೆ.

ನಮಗೆ ಅಪ್ಪಣೆಯಿರುವ ಹ್ಯಾಮ್ ಪಟ್ಟಿ, ಅಂದರೆ 144ರಿಂದ 146 ಮೆಗಾಹರ್ಟ್ಜ್, ಮಾತ್ರ ಲಾಕ್‌ಔಟ್ ಇಲ್ಲದೆ ಉಳಿಯಿತು. ಅಲ್ಲಿ 145.800 ಎಂಬ ಒಂದು ಜಾಗವಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಯಾತ್ರಿಗಳು ಶಾಲೆಯ ಮಕ್ಕಳೊಂದಿಗೆ ಮಾತಾಡುವಾಗ ಅವರ ದನಿ ಭೂಮಿಗೆ ಇಳಿದು ಬರುವ ದಾರಿ ಅದು. 2025ರ ಜುಲೈನಲ್ಲಿ ಆ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದ್ದೂ ಹ್ಯಾಮ್ ರೇಡಿಯೊದಲ್ಲೇ. ಆದರೆ ಗಿಡ್ಡ ಏರಿಯಲ್ಲಿಗೆ ಅಷ್ಟು ಮೇಲಿನದು ಎಟುಕುವುದು ಕಷ್ಟ. ಚಿಂತಾಮಣಿಯಲ್ಲಿ ನನಗೆ ಗೊತ್ತಿದ್ದ ಹಳೇ ರೇಡಿಯೊ ರಿಪೇರಿಯವರ ಬಳಿ ಹೋದೆವು. ಅವರು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಬೈದು ಮತ್ತೆ ಕನ್ನಡದಲ್ಲಿ ಮುಗಿಸುವವರು. ಸ್ಕ್ಯಾನರನ್ನು ನೋಡಿ, "ಒಳಗೆ ಇಷ್ಟೆಲ್ಲಾ ಇಟ್ಟವನು ಹೊರಗೆ ಒಂದು ಮೊಳ ತಂತಿ ಕೊಡೋಕೆ ಅತ್ತಿದಾನೆ" ಎಂದರು. ತಾಮ್ರದ ತಂತಿಯಲ್ಲಿ, ಒಂದೊಂದೂ ಅರ್ಧ ಮೀಟರಿಗೆ ಚೂರು ಕಡಿಮೆಯಿರುವ ಎರಡು ತೋಳು ಕತ್ತರಿಸಿ, ಪೈಪಿನ ತುಂಡಿಗೆ ಕಟ್ಟಿ, ಬೆಸುಗೆ ಹಾಕಿ ಕೊಟ್ಟರು. ಆ ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಜೋರಾಗಿ ಓಡುತ್ತದೆ ಎಂದು ಬಾಮೈದ ವಿವರಿಸಿದ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಹಂಗಾದ್ರೆ ಚಿಂತಾಮಣಿಯಿಂದ ಬೆಂಗಳೂರಿಗೆ ಹತ್ತು ಸೆಕೆಂಡು. ಹೊಸಕೋಟೆ ಹತ್ರ ಸಿಗ್ನಲ್ ಇಲ್ವಾ?" ಎಂದರು.

ಅಲ್ಲಿಂದ ಗೌರಿಬಿದನೂರು. ಬಾಮೈದನಿಗೆ ದೊಡ್ಡ ಕಿವಿಯ ಊರನ್ನು ತೋರಿಸಬೇಕಿತ್ತು. ಆ ದೂರದರ್ಶಕ ನಮ್ಮ ಪಠ್ಯಪುಸ್ತಕದ ತಟ್ಟೆಯಂಥದ್ದಲ್ಲ. ಕಂಬ ನೆಟ್ಟು ತಂತಿ ಕಟ್ಟಿದ ಸಾವಿರ ಡೈಪೋಲ್ ಆಂಟೆನಾಗಳು ಇಂಗ್ಲಿಷಿನ ಟಿ ಅಕ್ಷರದ ಹಾಗೆ ಮಲಗಿರುವ ಯಂತ್ರ. ಪೂರ್ವ ಪಶ್ಚಿಮದ ಸಾಲೊಂದರಲ್ಲೇ 640, ಉದ್ದ 1.38 ಕಿಲೋಮೀಟರ್. ದಕ್ಷಿಣದ ಕಡೆಗೆ 360. ಚಿಂತಾಮಣಿಯಲ್ಲಿ ಪೈಪಿಗೆ ಕಟ್ಟಿಸಿಕೊಂಡ ನಮ್ಮ ಆಂಟೆನಾ ಅವುಗಳ ಕುಲದ್ದೇ, ಒಂಟಿ ಕೂಸು. ಈ ಸಾವಿರವೂ ಕಿವಿಗೊಟ್ಟಿದ್ದು ಒಂದೇ ಫ್ರೀಕ್ವೆನ್ಸಿಗೆ: 34.5 ಮೆಗಾಹರ್ಟ್ಜ್. ಬೆಂಗಳೂರಿನ ಗದ್ದಲಕ್ಕೆ ಸುತ್ತಲ ಬೆಟ್ಟಗಳು ಅಡ್ಡ ನಿಂತ ಕಣಿವೆ ನೋಡಿ ಜಾಗ ಆರಿಸಿದ್ದು. ಮನುಷ್ಯರ ಮಾತನ್ನು ಲಾಕ್‌ಔಟ್ ಮಾಡುವ ಕೆಲಸವನ್ನು ಇಲ್ಲಿ ಬೆಟ್ಟಗಳಿಗೇ ವಹಿಸಿದ್ದಾರೆ. ಅಲ್ಲಿ ಕೂತು ಕೇಳಿದ್ದರಿಂದ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅವರು ಆ ಫ್ರೀಕ್ವೆನ್ಸಿಯಲ್ಲಿ ಆಕಾಶ ಹೇಗೆ ಕಾಣುತ್ತದೆಂಬ ನಕ್ಷೆಯನ್ನು 1990ರಲ್ಲಿ ಪ್ರಕಟಿಸಿದರು. ಪ್ರಪಂಚದ ಖಗೋಳಜ್ಞರು ಇಂದಿಗೂ ಗೌರಿಬಿದನೂರಿನ ಹೆಸರು ಹೇಳುವುದು ಆ ನಕ್ಷೆಯಿಂದ.

ರಾತ್ರಿ ಮನೆಗೆ ಬಂದವನೇ ಬಾಮೈದ ಸ್ಕ್ಯಾನರಿನಲ್ಲಿ 34.5 ಇಟ್ಟ. ಸ್ಸ್ ಎಂಬ ಸದ್ದು. "ಇಷ್ಟೇನಾ?" ಎಂದ. ಇಷ್ಟೇ. 1930ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ ಟೆಲಿಫೋನಿಗೆ ತೊಂದರೆ ಕೊಡುವ ಗೊರಗೊರ ಎಲ್ಲಿಂದ ಬರುತ್ತದೆಂದು ಹುಡುಕಲು ಹೊರಟಾಗ ಸಿಕ್ಕಿದ್ದೂ ಇಂಥ ಸದ್ದೇ. ಅದು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು. ಸೂರ್ಯನ ಗಡಿಯಾರ ಬಿಟ್ಟು ನಕ್ಷತ್ರಗಳ ಗಡಿಯಾರ ಹಿಡಿದು ಬರುವವರು ಯಾರೆಂದು ನೋಡಿದರೆ ಅದು ಆಕಾಶಗಂಗೆ. ಎಲ್ಲರೂ ಗುಡಿಸಿ ಹಾಕುತ್ತಿದ್ದ ಕಸದಿಂದ ರೇಡಿಯೊ ಖಗೋಳಶಾಸ್ತ್ರ ಎದ್ದು ಬಂತು. ನಮ್ಮ ಮನೆಯ ಸ್ಸ್ ಎಷ್ಟರ ಮಟ್ಟಿಗೆ ಆಕಾಶಗಂಗೆಯದು ಎಂದು ನೋಡಲು ಎಲ್‌ಇಡಿ ಬಲ್ಬು ಆರಿಸಿದೆವು, ಸದ್ದು ಕೊಂಚ ತಗ್ಗಿತು. ಟ್ಯಾಬಿನ ಚಾರ್ಜರ್ ಕಿತ್ತೆವು, ಇನ್ನಷ್ಟು ತಗ್ಗಿತು. ಇನ್ವರ್ಟರ್ ಕಡೆ ನಡೆದಾಗ ನನ್ನ ಹೆಂಡತಿ, "ನಕ್ಷತ್ರ ನಾಳೆನೂ ಇರುತ್ತೆ, ಫ್ರಿಜ್ಜಲ್ಲಿರೋ ಹಾಲು ಇರಲ್ಲ" ಎಂದಳು. ಖಗೋಳ ಸಂಶೋಧನೆ ಅಲ್ಲಿಗೆ ನಿಂತಿತು.

ಮತ್ತೆ ಶಿಡ್ಲಘಟ್ಟಕ್ಕೆ ಹೋದಾಗ ಇದನ್ನೆಲ್ಲ ಕೇಳಿದ ಅತ್ತೆ, "ಆ ಸದ್ದು ಅಲ್ಲಿಂದ ಹೊರಟು ಎಷ್ಟು ದಿನ ಆಯ್ತಂತೆ?" ಎಂದರು. ಆಕಾಶಗಂಗೆಯ ನಡುಮಧ್ಯದಿಂದಾದರೆ ಸುಮಾರು 26,000 ವರ್ಷ ಎಂದೆ. "ಅಷ್ಟು ಹಳೇ ಸುದ್ದಿಗೆ ಸಾವಿರ ಆಂಟೆನಾನಾ!" ಎಂದು ಗಲ್ಲ ಹಿಡಿದುಕೊಂಡರು. ಲಾಕ್‌ಔಟ್ ಗುಂಡಿ ತೋರಿಸಿ, ಬೇಡದ್ದು ಕಿವಿಗೇ ಬೀಳದ ಹಾಗೆ ಮಾಡಬಹುದು ಎಂದಾಗ ಅವರಿಗೆ ಅದೂ ಹಿಡಿಸಲಿಲ್ಲ. "ಕಿವಿಗೆ ಯಾಕೋ ಬೀಗ? ಬೀಗ ಬಾಯಿಗೆ ಇದ್ರೆ ಸಾಲದಾ?"

ಆಗ ನನಗೆ ಹೊಳೆದದ್ದು: ಆ ಬೀದಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಗೂಡಿಗೆ ಏನು ರೇಟಾಯಿತು ಎಂಬುದನ್ನೆಲ್ಲ ಅತ್ತೆ ದಾರಿಯಲ್ಲಿ ಹೋಗುವವರನ್ನೂ ಕರೆದು ಹೇಳುತ್ತಾರೆ. ಆದರೆ ಸಾಲದ ಮಾತು, ಸೊಸೆ ಅತ್ತ ಮಾತು, ಡಾಕ್ಟರು ಪಿಸುಗುಟ್ಟಿದ ಮಾತು, ದನಿ ಇಳಿದ ಕಡೆಯೆಲ್ಲ ನಿಂತು ಕೇಳಿದ್ದು, ಒಂದೂ ಅವರ ಜಗಲಿ ದಾಟಿದ್ದನ್ನು ನಾನು ಕಂಡಿಲ್ಲ. ಅಂತರರಾಷ್ಟ್ರೀಯ ರೇಡಿಯೊ ನಿಯಮಗಳೂ ಇದನ್ನೇ ಹೇಳುತ್ತವೆ: ನಿನಗಲ್ಲದ ಸಂದೇಶ ಅಕಸ್ಮಾತ್ ಕಿವಿಗೆ ಬಿದ್ದರೆ ಹೊರಗೆ ಬಿಡಬೇಡ. ಹ್ಯಾಮ್ ಪರೀಕ್ಷೆಗೆ ಇದನ್ನು ನಾನು ಬಾಯಿಪಾಠ ಮಾಡಿದ್ದೆ. ಅತ್ತೆಯನ್ನು ಆ ಪರೀಕ್ಷೆಗೆ ಕೂರಿಸಿದರೆ ನಿಯಮಗಳ ಪತ್ರಿಕೆಯಲ್ಲಿ ನೂರಕ್ಕೆ ನೂರು ಗ್ಯಾರಂಟಿ. ಮೋರ್ಸ್ ಕೋಡಿನಲ್ಲಿ ಮಾತ್ರ ನಪಾಸಾಗಬಹುದು. ಅಷ್ಟು ಚುಟುಕಾಗಿ ಮಾತಾಡುವುದು ಅವರಿಂದಾಗುವ ಕೆಲಸವಲ್ಲ.