ಸಬ್‌ಮೆರಿನ್ ಸಾರ್

ಆದವಾನಿಯಿಂದ ಮೂಡಲಿಗೆ ಹೊರಟರೂ ಪಡುವಲಿಗೆ ಹೊರಟರೂ 300 ಕಿಲೋಮೀಟರಿಗೆ ಮೊದಲು ಕಡಲು ಸಿಗುವುದಿಲ್ಲ. ನಮಗೆ ನೀರೆಂದರೆ ತುಂಗಭದ್ರೆಯ ಎಲ್‌ಎಲ್‌ಸಿ ಕಾಲುವೆ. ಅದಕ್ಕೆ ನೀರು ಬಿಟ್ಟರೆ ಸುದ್ದಿ, ಬಿಡದಿದ್ದರೆ ಧರಣಿ. ಇಂಥ ಊರಿನ ಹತ್ತಿ ಮಿಲ್ಲುಗಳ ಮಗ್ಗುಲ ಓಣಿಯಲ್ಲಿ, ಒಂದು ಮಹಡಿ ಕೋಣೆಯೊಳಗೆ, ಜರ್ಮನಿ, ಅಮೆರಿಕ, ರಷ್ಯಾ ಮೂರೂ ದೇಶಗಳ ಜಲಾಂತರ್ಗಾಮಿಗಳು ಯಾವ ಯುದ್ಧವನ್ನೂ ಮಾಡದೆ ಒಂದೇ ಸೂರಿನಡಿ ಬಾಳುವೆ ಮಾಡಿಕೊಂಡಿವೆ. ಅವುಗಳ ಯಜಮಾನರೇ ನಮ್ಮ ಸಬ್‌ಮೆರಿನ್ ಸಾರ್.

ಊರಿಗೊಬ್ಬ ಸಂಗ್ರಾಹಕ ಇದ್ದೇ ಇರುತ್ತಾನೆ. ಹಳೇ ನಾಣ್ಯದವನು, ಅಂಚೆಚೀಟಿಯವನು, ನಿಂತುಹೋದ ಎಚ್‌ಎಂಟಿ ವಾಚಿನವನು. ಇವರನ್ನೆಲ್ಲ ಊರು ಸಹಿಸಿಕೊಂಡಿದೆ, ಏಕೆಂದರೆ ಅವರ ಸಾಮಾನು ಏನೆಂದು ಊರಿಗೆ ಗೊತ್ತು. ಸಾರ್ ಕತೆ ಹಾಗಲ್ಲ. ಅವರ ಮನೆಗೆ ಬರುವ ಪಾರ್ಸಲ್ಲಿನ ಮೇಲೆ ಟಾರ್ಪಿಡೊ ಹಾರಿಸುತ್ತಿರುವ ಹಡಗಿನ ಚಿತ್ರವಿರುತ್ತದೆ. ಒಳಗೆ ನೋಡಿದರೆ ಹಡಗೂ ಇಲ್ಲ, ಟಾರ್ಪಿಡೊವೂ ಇಲ್ಲ. ಚೌಕಟ್ಟಿಗೆ ಅಂಟಿಕೊಂಡ ನೂರಾರು ಬೂದು ಪ್ಲಾಸ್ಟಿಕ್ ಚೂರುಗಳು, ನಂಬರು ಹಾಕಿದ ಒಂದು ನಕ್ಷೆ, ಅಷ್ಟೆ. "ಇಷ್ಟು ರೊಕ್ಕ ಕೊಟ್ಟು ಮುರಿದಿದ್ದು ತರ್ಸೀರೇನು ಸಾರ್?" ಎಂದು ಪಕ್ಕದ ಮನೆಯ ದಲಾಲಿ ಅಂಗಡಿ ಗುಮಾಸ್ತರು ಮರುಗಿದ್ದರು. "ಮುರಿದಿದ್ದಲ್ಲ, ಇನ್ನೂ ಕೂಡಿಸಿಲ್ಲ" ಎಂದರು ಸಾರ್. ಅವರ ಬದುಕಿನ ಅಷ್ಟೂ ತತ್ವ ಈ ಮೂರು ಮಾತಿನಲ್ಲಿದೆ.

ಸಾರ್ ಕೆಲಸ ಮಾಡುವುದು ವಿಮಾ ಕಚೇರಿಯಲ್ಲಿ. ಎಮ್ಮಿಗನೂರಿನ ನೇಕಾರರಿಗೆ, ಕೌತಾಳಂ ರೈತರಿಗೆ, ಆಲೂರಿನ ಮೇಷ್ಟ್ರುಗಳಿಗೆ ಬೆಳಿಗ್ಗೆಯೆಲ್ಲ ಒಂದೇ ಉಪದೇಶ: "ಮನುಷ್ಯನ ಆಯುಸ್ಸು ನೀರ ಮೇಲಿನ ಗುಳ್ಳೆ ನೋಡ್ರಿ. ಈಗೈತಿ, ಈಗಿಲ್ಲ." ಹೀಗೆ ಹೇಳಿ ಸಹಿ ಹಾಕಿಸಿಕೊಂಡು ಸಂಜೆ ಮನೆಗೆ ಬಂದವರೇ, ಕಟ್ಟಲು ಎರಡು ವರ್ಷ ಹಿಡಿಯುವ ಇನ್ನೊಂದು ಮಾಡೆಲ್ ಕಿಟ್ಟಿಗೆ ಆರ್ಡರ್ ಹಾಕುತ್ತಾರೆ. ನಿವೃತ್ತಿಗೆ ಮೂರು ವರ್ಷ ಇದೆ. ಕಟ್ಟಿ ಮುಗಿಸಿದ್ದು ಹತ್ತು. ಬಿಚ್ಚದೆ ಮಂಚದ ಕೆಳಗೆ, ಅಟ್ಟದ ಮೇಲೆ, ಅಕ್ಕಿ ಡಬ್ಬದ ಹಿಂದೆ ಇರುವುದು ನಲವತ್ತನಾಲ್ಕು.

ಯಾಕೆ ಕಟ್ಟಿಲ್ಲ ಎಂದು ಕೇಳಿದರೆ ಸಾರ್ ಪಂಚಾಂಗ ತೆಗೆಯುತ್ತಾರೆ. ಹತ್ತಿ ಸುಗ್ಗಿಯಲ್ಲಿ ಬಣ್ಣ ಹೊಡೆಯುವ ಹಾಗಿಲ್ಲ: ಜಿನ್ನಿಂಗ್ ಮಿಲ್ಲಿನ ನವಿರು ಗಾಳಿಯಲ್ಲಿ ಬಂದು ಹಸಿ ಬಣ್ಣದ ಮೇಲೆ ಕೂತರೆ, ಅಟ್ಲಾಂಟಿಕ್ಕಿನಲ್ಲಿ ಓಡಾಡಬೇಕಾದ ಜರ್ಮನ್ ಸಬ್‌ಮೆರಿನ್ ಯು-ಬೋಟಿಗೆ ಗಡ್ಡ ಬಂದುಬಿಡುತ್ತದೆ. ಬೇಸಿಗೆಯಲ್ಲಿ ಅಂಟು ಹಚ್ಚುವ ಹಾಗಿಲ್ಲ: ಕುಂಚದಿಂದ ಪ್ಲಾಸ್ಟಿಕ್ಕಿಗೆ ಮುಟ್ಟುವುದರೊಳಗೆ ಒಣಗಿರುತ್ತದೆ. ಮಳೆಗಾಲದಲ್ಲಿ ಥಂಡಿ, ಬಣ್ಣ ಬಿಳಿಚಿಕೊಳ್ಳುತ್ತದೆ. ದಸರೆಯ ಹೊತ್ತಿಗೆ ಹವೆ ಸರಿಯಿರುತ್ತದೆ, ಆದರೆ ಆಗ ದೇವರಗಟ್ಟಿನ ಬನ್ನಿ ಹಬ್ಬಕ್ಕೆ ಬಂದ ನೆಂಟರು ಅದೇ ಮಹಡಿ ಕೋಣೆಯಲ್ಲಿ ಮಲಗಿರುತ್ತಾರೆ. ಉಳಿಯುವುದು ದೀಪಾವಳಿ ಕಳೆದ ಒಂದು ವಾರ. ಆ ವಾರ ಕರೆಂಟ್ ಇರುವುದಿಲ್ಲ.

ಕರೆಂಟ್ ಇದ್ದಾಗ ಕೋಣೆಯಿಂದ ಡಬಡಬ ಸದ್ದು ಬರುತ್ತದೆ. ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆ ಗಾಳಿ ಕೊಡುವ ಯಂತ್ರ ಅದು, ಪಂಕ್ಚರ್ ಅಂಗಡಿಯವನಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡದ್ದು. ಬೀದಿಯ ಹುಡುಗರು ಸೈಕಲ್ಲು ತಳ್ಳಿಕೊಂಡು ಬಂದು ಕೆಳಗಿನಿಂದ ಕೂಗುತ್ತಾರೆ: "ಸಾರ್, ಹಿಂದಿನ ಗಾಲಿಗೆ ಒಂದೀಟು ಗಾಳಿ!" ಸಾರ್ ಕೋಪ ಮಾಡಿಕೊಳ್ಳದೆ ಇಳಿದು ಬಂದು ಗಾಳಿ ಹಾಕಿ ಹೋಗುತ್ತಾರೆ. ಓಣಿಯಲ್ಲಿ ಅವರ ಹವ್ಯಾಸದಿಂದ ಆದ ಲೋಕೋಪಕಾರ ಇಷ್ಟೇ.

ಅವರ ಮಾತೆಲ್ಲ ಸ್ಕೇಲಿನಲ್ಲಿ. 1:72 ಎಂದರೆ ಆರಡಿ ಆಳು ಒಂದಿಂಚು. 67 ಮೀಟರಿನ ಜರ್ಮನ್ ಟೈಪ್ 7ಸಿ ಯು-ಬೋಟು ರೆವೆಲ್ ಕಂಪನಿಯ ಕಿಟ್ಟಿನಲ್ಲಿ 93 ಸೆಂಟಿಮೀಟರ್. ಅಮೆರಿಕದ ಗ್ಯಾಟೊ ಅದೇ ಸ್ಕೇಲಿನಲ್ಲಿ 132 ಸೆಂಟಿಮೀಟರ್. ಅದನ್ನು ಇಡುವ ಜಾಗ ಆ ಮನೆಯಲ್ಲಿ ಒಂದೇ, ಮನೆಯವರು ನವರಾತ್ರಿಗೆ ಗೊಂಬೆ ಕೂರಿಸುವ ಹಲಗೆ. ಸಾರ್ ಹೆಂಡತಿ, ನಮ್ಮ ಅಮ್ಮಾವರು, ಜಗಳ ಮಾಡಲಿಲ್ಲ. ಹಡಗನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ, ಕನ್ನಡಿಯ ಕೊಳ ಮಾಡಿ, ದಶಾವತಾರದ ಸಾಲಿನ ಮುಂದೆ ಕೂರಿಸಿ, ಕುಂಕುಮಕ್ಕೆ ಬಂದವರಿಗೆ "ಇದೂ ಮತ್ಸ್ಯಾವತಾರನೇ, ಹೊಸಾದು" ಎಂದರು. ಸಾರ್‌ಗೆ ಅದರಿಂದ ಬೇಜಾರಾಗಲಿಲ್ಲ. ಬೇಜಾರಾದದ್ದು ಹಡಗಿನ ಪಕ್ಕ ನಿಂತ ಮಣ್ಣಿನ ಶೆಟ್ಟಿ ಗೊಂಬೆಯಿಂದ. "ಆ ಲೆಕ್ಕಕ್ಕೆ ಶೆಟ್ಟಿ ಐವತ್ತಡಿ ಎತ್ತರ ಆಗ್ತಾನ" ಎಂದು ಒಂಬತ್ತು ದಿನವೂ ಸಂಕಟಪಟ್ಟರು.

ಊರವರೆಲ್ಲ ಮಂತ್ರಾಲಯಕ್ಕೆ ಹೋದರೆ ಸಾರ್ ಹೋಗುವ ಕ್ಷೇತ್ರ ವಿಶಾಖಪಟ್ಟಣ. ಅಲ್ಲಿ ಆರ್.ಕೆ. ಬೀಚಿನ ಮರಳ ಮೇಲೆ ಐಎನ್‌ಎಸ್ ಕುರ್ಸುರಾ ಇದೆ: 1969ರಲ್ಲಿ ನೌಕಾಪಡೆಗೆ ಸೇರಿ, 2001ರಲ್ಲಿ ನಿವೃತ್ತಿಯಾಗಿ, 2002ರಲ್ಲಿ ದಡ ಹತ್ತಿ ಮ್ಯೂಸಿಯಮ್ಮಾದ, 91 ಮೀಟರ್ ಉದ್ದದ, ರಷ್ಯಾದಲ್ಲಿ ಕಟ್ಟಿದ ಸಬ್‌ಮೆರಿನ್. ಎಲ್ಲರೂ ಒಂದು ಬಾಗಿಲಿನಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರಲು ಕಾಲು ಗಂಟೆ ಸಾಕು. ಸಾರ್ ಒಳಗೆ ಹೋದರೆ ಹೆಂಡತಿ ಮಕ್ಕಳು ಸಿಂಹಾಚಲಕ್ಕೆ ಹೋಗಿ ದರ್ಶನ ಮುಗಿಸಿ ಬಂದು ಬೀಚಿನಲ್ಲಿ ಮುರಿ ಮಿಕ್ಸ್ಚರ್ ತಿನ್ನುತ್ತ ಕಾಯುತ್ತಾರೆ. ಅಲ್ಲಿ ವಿವರಿಸುವವರು ನೌಕಾಪಡೆಯ ನಿವೃತ್ತರು, ತಾಳ್ಮೆಯವರು. 22 ಟಾರ್ಪಿಡೊ ಹೊರುತ್ತಿತ್ತು, ಇಲ್ಲಿ ಮಲಗುತ್ತಿದ್ದರು, ಇಲ್ಲಿ ಅಡುಗೆ ಎಂದು ಹೇಳಿಕೊಂಡು ಬರುತ್ತಾರೆ. ಸಾರ್ ಕೇಳುವುದು ಬೇರೆ: "ಈ ಪೈಪಿನ ಬೂದು ಮೊದಲಿಂದ ಇದೇ ಬೂದೋ, ಆಮೇಲೆ ಹೊಡೆದ ಬೂದೋ?" ಸಾವಿರ ಮೈಲಿ ನೀರೊಳಗೆ ಓಡಾಡಿದ ಮನುಷ್ಯನಿಗೆ ಈ ಪ್ರಶ್ನೆ ಯಾವ ಕ್ಯಾಪ್ಟನ್ನೂ ಕೇಳಿರಲಾರ. ಮನೆಗೆ ಬಂದು ಸಾರ್ ಅದೇ ನಮೂನೆಯ ಸಬ್‌ಮೆರಿನ್ನನ್ನು 1:350ರಲ್ಲಿ ಕಟ್ಟಿದರು. ಒಂದು ಗೇಣಿನ ಮೇಲೆ ಎರಡು ಬೆರಳಾಯಿತು. ತುಕ್ಕು ಬಳಿಯುವುದಕ್ಕೇ ಆರು ತಿಂಗಳು. ನಿಜವಾದ ಹಡಗಿನ ತುಕ್ಕು ತೆಗೆಯಲು ಸರ್ಕಾರ ಖರ್ಚು ಮಾಡುತ್ತದೆ, ಸಾರ್ ತುಕ್ಕು ಹಿಡಿಸಲು ಸಂಬಳ ಖರ್ಚು ಮಾಡುತ್ತಾರೆ.

2017ರಲ್ಲಿ 'ಘಾಜಿ' ಸಿನಿಮಾ ಬಂದಾಗ ಮಾತ್ರ ಸಾರ್‌ಗೆ ಒಳ್ಳೇ ದಿನ ಬಂದಿತ್ತು. ಇಷ್ಟು ವರ್ಷ ನಕ್ಕವರೆಲ್ಲ ಪಕ್ಕದ ಸೀಟಿಗೆ ಟಿಕೆಟ್ ತೆಗೆಸಿದರು. ಇಂಟರ್‌ವಲ್ಲಿನಲ್ಲಿ ಅವರೆಲ್ಲ ಜಾಗ ಬದಲಾಯಿಸಿದರು. ತೆರೆಯ ಮೇಲೆ ನಮ್ಮ ಸಬ್‌ಮೆರಿನ್ ಪಾಕಿಸ್ತಾನದ ಘಾಜಿ ಸಬ್‌ಮೆರಿನ್ನಿನ ಜೊತೆ ಕಾದಾಡುತ್ತಿದ್ದರೆ ಇತ್ತ ಸಾರ್ ಪಾಠ: "ನಮ್ಮ ನೌಕಾಪಡೆ ಲೆಕ್ಕದಾಗ 1971ರ ಡಿಸೆಂಬರಿನಾಗ ಘಾಜಿನ ಮುಳುಗಿಸಿದ್ದು ಸಬ್‌ಮೆರಿನ್ನಲ್ಲ, ರಜಪೂತ್ ಅನ್ನೋ ಹಡಗು. ಘಾಜಿ ಮೊದಲು ಅಮೆರಿಕದ್ದು, ಡಯಾಬ್ಲೊ ಅಂತ ಹೆಸರು. ಟೆಂಚ್ ಜಾತಿ. ನಮ್ಮನಿಯಾಗಿರೋದು ಗ್ಯಾಟೊ ಜಾತಿ. ನಡುವೆ ಬಲಾವೊ ಅಂತ ಇನ್ನೊಂದು ಪೀಳಿಗೆ ಬರ್ತದ." ಗ್ಯಾಟೊವನ್ನೇ ತಿದ್ದಿ ಘಾಜಿ ಮಾಡುವ ಆಸೆ ಅವರಿಗಿತ್ತು. ಅಮ್ಮಾವರು ಬಿಡಲಿಲ್ಲ. "ಜರ್ಮನಿದು ಇಟ್ಕೊಂಡೀರಿ, ಸುಮ್ನಿದ್ದೆ. ಪಾಕಿಸ್ತಾನದ್ದು ಗೊಂಬಿ ಹಲಗಿ ಮ್ಯಾಲೆ ಬ್ಯಾಡ್ರೀ."

ಸಾರ್ ಸ್ಪೈ ಇರಬಹುದೇ ಎಂಬ ಗುಮಾನಿಯೂ ಓಣಿಯಲ್ಲಿ ಕೆಲಕಾಲ ಇತ್ತು. ಅದನ್ನು ಹುಟ್ಟಿಸಿದವರೂ ಸಾರೇ. 1961ರಲ್ಲಿ ಅಮೆರಿಕದ ಅಡ್ಮಿರಲ್ ರಿಕೋವರ್, ಅಣುಶಕ್ತಿ ಸಬ್‌ಮೆರಿನ್ನುಗಳ ಪಿತಾಮಹ, ರೆವೆಲ್ಲಿನ ಪೊಲಾರಿಸ್ ಸಬ್‌ಮೆರಿನ್ ಕಿಟ್ಟಿನ ಮೇಲೆ ಕೆಂಡವಾಗಿದ್ದರಂತೆ: 2 ಡಾಲರ್ 98 ಸೆಂಟಿನ ಆಟದ ಸಾಮಾನು ಲಕ್ಷಗಟ್ಟಲೆ ಡಾಲರಿನ ಗುಟ್ಟನ್ನು ರಷ್ಯದವರ ಕೈಗೆ ಕೊಡುತ್ತಿದೆ ಎಂದು. ಈ ಕತೆಯನ್ನು ಸಾರ್ ಟೀ ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳಿದರು. ಕೇಳಿದವರಿಗೆ ಕೊನೆಯ ಭಾಗ ಮಾತ್ರ ನೆನಪುಳಿಯಿತು.

ಹವ್ಯಾಸಕ್ಕೂ ಊರಿಗೂ ಸಂಬಂಧವೇ ಇಲ್ಲ ಎಂದು ಯಾರಾದರೂ ಅಂದರೆ ಸಾರ್ ಕಾದಂಬರಿಕಾರ ಜೂಲ್ಸ್ ವರ್ನ್‌ನನ್ನು ಸಾಕ್ಷಿಗೆ ಕರೆಯುತ್ತಾರೆ. ನಾಟಿಲಸ್ ಎಂಬ ಸಬ್‌ಮೆರಿನ್ನಿನ ಕ್ಯಾಪ್ಟನ್ ನೀಮೊ ಯಾರು? 1875ರಲ್ಲಿ ಪೂರ್ಣವಾದ 'ನಿಗೂಢ ದ್ವೀಪ' ಕಾದಂಬರಿಯ ಪ್ರಕಾರ ಬುಂದೇಲಖಂಡದ ರಾಜಕುಮಾರ ಡಕ್ಕಾರ್, ಟಿಪ್ಪು ಸುಲ್ತಾನನ 'ನೆಫ್ಯೂ'. "ಅಪ್ಪ ಬುಂದೇಲಖಂಡದ ರಾಜ ಅಂದ್ಮೇಲೆ ಟಿಪ್ಪು ತಾಯಿ ಕಡೆಯವನೇ ಆಗಬೇಕು. ಅಂದ್ರ ಸೋದರಮಾವ. ಆ ಸೋದರಮಾವ 1786ರಾಗ ಎಲ್ಲಿಗೆ ಬಂದಿದ್ದ? ಇದೇ ಆದವಾನಿ ಕೋಟೆಗೆ! ಮುತ್ತಿಗೆ ಹಾಕಿ ಗೆದ್ದ." ಹೀಗೆ, ಹುಟ್ಟೇ ಇರದ ಕ್ಯಾಪ್ಟನ್ನನ ಸೋದರಮಾವ ಕಡಲಿಲ್ಲದ ಊರಿಗೆ ಕುದುರೆಯೇರಿ ಬಂದದ್ದರಿಂದ ಆದವಾನಿಗೆ ಸಬ್‌ಮೆರಿನ್ ಪರಂಪರೆ ಸಿದ್ಧಿಸುತ್ತದೆ. 1953ರಲ್ಲಿ ಬಳ್ಳಾರಿಯಿಂದ ಕಿತ್ತು ಆಂಧ್ರಕ್ಕೆ ಸೇರಿಸಿದರೂ ಕನ್ನಡ ಬಿಡದ ಊರು ನಮ್ಮದು. ನೆಂಟಸ್ತನ ಎಳೆದು ಜೋಡಿಸುವುದು ನಮಗೆ ಹೊಸದೇನಲ್ಲ.

ಕಷ್ಟ ಬಂದದ್ದು ಕಳೆದ ಬೇಸಿಗೆಯಲ್ಲಿ. ಮೊಮ್ಮಗ ರಜಕ್ಕೆ ಬಂದವನು ಯು-ಬೋಟನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ನೀರಿನ ಡ್ರಮ್ಮಿಗೆ ಬಿಟ್ಟ. ಓಣಿಯೇ ಸೇರಿತು. ಅದು ಮುಳುಗಲಿಲ್ಲ. ಮಗ್ಗುಲಾಗಿ ತೇಲಿತು. ಅದುಮಿದರೂ ಪುಟಿದು ಮೇಲೆ ಬಂತು. "ಸಾರ್, ಇಷ್ಟು ವರ್ಷ ಕಟ್ಟಿ ಮುಳುಗೋದೇ ಕಲಿಸಿಲ್ಲಲ್ಲ!" ಎಂದರು ಗುಮಾಸ್ತರು. ನಿಜವಾದ ಸಬ್‌ಮೆರಿನ್ ಮುಳುಗಬೇಕಾದರೆ ಬ್ಯಾಲಸ್ಟ್ ಟ್ಯಾಂಕಿನೊಳಗೆ ನೀರು ತುಂಬಿಸಿಕೊಳ್ಳಬೇಕು, ಮೇಲೇಳಬೇಕಾದರೆ ಒತ್ತಿದ ಗಾಳಿಯಿಂದ ಆ ನೀರನ್ನು ಹೊರದಬ್ಬಬೇಕು, ಇದರೊಳಗೆ ಬರೀ ಗಾಳಿ ಎಂದು ಸಾರ್ ವಿವರಿಸಿದರು. ಯಾರೂ ಒಪ್ಪುವ ಹಾಗೆ ಕಾಣಲಿಲ್ಲ. ಕೊನೆಗೆ, "ನಮ್ಮ ಬೋರಿನ ನೀರು ಎಷ್ಟು ಸವಳು ಗೊತ್ತಲ್ಲ? ಉಪ್ಪು ಜಾಸ್ತಿಯಿದ್ರೆ ತೇಲಿಸೋ ಶಕ್ತಿನೂ ಜಾಸ್ತಿ" ಎಂದರು. ಇದನ್ನು ಎಲ್ಲರೂ ತಕ್ಷಣ ಒಪ್ಪಿದರು. ಬೋರಿನ ನೀರಿನ ಮೇಲೆ ಏನು ಆಪಾದನೆ ಹೊರಿಸಿದರೂ ನಮ್ಮೂರಿನಲ್ಲಿ ಎದುರಾಡುವವರಿಲ್ಲ.

ಅದಾದ ಮೇಲೆ ಕಚೇರಿಯ ಹೊಸ ಹುಡುಗನೊಬ್ಬ ಮನೆಗೆ ಬಂದು ಪೆಟ್ಟಿಗೆಗಳನ್ನು ಎಣಿಸಿ ಲೆಕ್ಕ ಹಾಕಿದ. ಒಂದಕ್ಕೆ ಎರಡು ವರ್ಷದಂತೆ ನಲವತ್ತನಾಲ್ಕಕ್ಕೆ ಎಂಬತ್ತೆಂಟು. ಸಾರ್‌ಗೆ ಈಗ ಐವತ್ತೇಳು. ನೂರನಲವತ್ತೈದನೇ ವಯಸ್ಸಿಗೆ ಕೆಲಸ ಮುಗಿಯುತ್ತದೆ, ನಡುವೆ ಹೊಸದೇನೂ ಕೊಳ್ಳದಿದ್ದರೆ. "ನಮ್ಮ ಟೇಬಲ್ಲಿನಾಗ ಈ ವಯಸ್ಸೇ ಇಲ್ಲಲ್ಲ ಸಾರ್?" ಸಾರ್ ನಕ್ಕರು. "ಪ್ರೀಮಿಯಂ ಬಾಕಿ ಇರೋ ಪಾಲಿಸಿ ಇದು. ಕಟ್ಟೋದು ಉಳಿದಿರೋತನಕ ನಾನೂ ಉಳಿದಿರ್ತೀನಿ." ಪೆಟ್ಟಿಗೆ ಕೊಳ್ಳುವವರೆಲ್ಲ ಕೊಳ್ಳುವುದು ಪ್ಲಾಸ್ಟಿಕ್ಕನ್ನಲ್ಲ, ಅದನ್ನು ಕಟ್ಟಲು ಬೇಕಾದ ಬಿಡುವನ್ನು ಎಂದು ನನಗೆ ಹೊಳೆದದ್ದು ಆಗಲೇ. ಬಿಡುವು ಪಾರ್ಸಲ್ಲಿನಲ್ಲಿ ಬರುವುದಿಲ್ಲವಾದ್ದರಿಂದ ಪೆಟ್ಟಿಗೆಗಳು ಮಾತ್ರ ಸೇರುತ್ತ ಹೋಗುತ್ತವೆ.

ಆ ಹುಡುಗ ಹೋಗುವಾಗ ಒಂದು ಮಾತು ಅಮ್ಮಾವರ ಕಿವಿಗೆ ಹಾಕಿ ಹೋದ: ಅರವತ್ತರ ದಶಕದ ಹಳೇ ಕಿಟ್ಟುಗಳಿಗೆ ಹೊರದೇಶದಲ್ಲಿ ಗಿರಾಕಿ ಇದ್ದಾರೆ, ಬಿಚ್ಚದೆ ಇದ್ದರೆ ಒಂದು ರೇಟು, ಬಿಚ್ಚಿ ಕಟ್ಟಿದ್ದರೆ ಕೇಳುವವರೇ ಇಲ್ಲ. ಮೂವತ್ತು ವರ್ಷ "ಯಾವಾಗ ಕಟ್ಟಿ ಮುಗಿಸ್ತೀರಿ?" ಎಂದು ಕೇಳಿದ್ದ ಅಮ್ಮಾವರು ಅಂದೇ ಸಂಜೆ ಪೆಟ್ಟಿಗೆಗಳನ್ನೆಲ್ಲ ಗಾಡ್ರೇಜ್ ಬೀರುವಿಗೆ ಸೇರಿಸಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾಮಿನಿ ನಾನೇ ಅಲ್ಲೇನ್ರೀ? ಒಂದೂ ಮುಟ್ಟಬ್ಯಾಡ್ರಿ."

ಈಗ ಸಾರ್‌ಗೆ ಕಟ್ಟುವ ಹುಮ್ಮಸ್ಸು ಉಕ್ಕಿ ಬಂದಿದೆ. ಸುಗ್ಗಿಯೂ ಅಡ್ಡಿಯಿಲ್ಲ, ಬಿಸಿಲೂ ಅಡ್ಡಿಯಿಲ್ಲವಂತೆ. ಅಮ್ಮಾವರು ಮಂತ್ರಾಲಯಕ್ಕೆ ಹೋಗುವ ಗುರುವಾರ ಯಾವಾಗ ಬರುತ್ತದೆ ಎಂದು ಗುಮಾಸ್ತರ ಹತ್ತಿರ ಗುಟ್ಟಾಗಿ ವಿಚಾರಿಸುತ್ತಿದ್ದಾರೆ.