ಊರಲ್ಲಿರಲಿಲ್ವಾ ಸಾರ್?

ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟಿನವರು ಹತ್ತು ನಿಮಿಷದಲ್ಲಿ ಬೇಳೆ ತಂದುಕೊಡುತ್ತೇವೆಂದು ಬೆಂಗಳೂರಿಗೆ ಇಳಿದ ಮೇಲೆ ನಮ್ಮ ಬಡಾವಣೆಯ ದಿನಸಿ ಅಂಗಡಿ ಶೆಟ್ಟರ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಯಾರು, ಯಾವತ್ತು, ಏನು ತರಿಸಿಕೊಂಡು ಕಳಚಿಕೊಂಡರು ಎಂಬುದೆಲ್ಲ ಶೆಟ್ಟರಿಗೆ ಗೊತ್ತು. ನಮ್ಮ ಅಡ್ಡರಸ್ತೆಗಳ ನಂಬರು ಮ್ಯಾಪಿಗೆ ಬಗ್ಗುವಂಥದ್ದಲ್ಲ. ಬೈಕಿನ ಹುಡುಗರೆಲ್ಲ ವಿಳಾಸ ಕೇಳಲು ಬಂದು ನಿಲ್ಲುವುದು ಇವರ ಅಂಗಡಿ ಮುಂದೆಯೇ.

"ನೂರಾ ನಾಲ್ಕಾ? ಅದೇ ಹಸಿರು ಗೇಟು. ನಾಯಿ ಇದೆ, ಹುಷಾರು. ಎಣ್ಣೇನಾ ತಂದಿರೋದು? ಎಷ್ಟು ಲೀಟರು?"

ಸಂಜೆ ಹಸಿರು ಗೇಟಿನವರು ಫೋನು ಕಿವಿಗೊತ್ತಿಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ ಮಾತಾಡುತ್ತ ಅಂಗಡಿ ದಾಟುತ್ತಾರೆ. ಶೆಟ್ಟರು ಎಣ್ಣೆಯ ಸುದ್ದಿ ಎತ್ತುವುದಿಲ್ಲ. "ಏನ್ ಸಾರ್, ಕಾಣ್ಲೇ ಇಲ್ಲ? ಊರಲ್ಲಿರಲಿಲ್ವಾ?" ಸಾರ್ ದಿನಾ ಎದುರಿನ ಬಸ್ ಸ್ಟಾಪಲ್ಲೇ ನಿಲ್ಲುವುದನ್ನು ಇಬ್ಬರೂ ಬಲ್ಲರು. ಆದರೂ ಸಾರ್ "ಹೂಂ, ಸ್ವಲ್ಪ ಓಡಾಟ" ಎಂದು ಆ ಸುಳ್ಳನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಋಣ ತೀರಲೆಂದು ಕಾಲು ಕೆಜಿ ಕಡಲೆಬೇಳೆ ಕಟ್ಟಿಸುತ್ತಾರೆ. ಹೆಂಗಸರಿಗೆ ಬೇರೆ ಮಂತ್ರ: "ನಿಮಗೇಂತ ಹಳೇ ಸೋನಾ ಮಸೂರಿ ಎತ್ತಿಟ್ಟಿದ್ದೀನಮ್ಮಾ." ಹೀಗೆ ಎತ್ತಿಟ್ಟ ಒಂದೇ ಮೂಟೆಯಿಂದ ಇಡೀ ಬೀದಿ ಅನ್ನ ಉಂಡಿದೆ. ಗೌರಿ ಹಬ್ಬ ಬಂದರೆ ಹದಿನಾರು ಗಂಟಿನ ದಾರ ಎಷ್ಟು, ಬಾಗಿನದ ಮೊರ ಎಷ್ಟು ಜೊತೆ ಎಂದು ಮನೆಯಾಕೆ ಬಾಯಿ ತೆರೆಯುವ ಮೊದಲೇ ಲೆಕ್ಕ ಒಪ್ಪಿಸುತ್ತಾರೆ.

ಎಡವಿದ್ದು ಒಮ್ಮೆ ಮಾತ್ರ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಶೆಟ್ಟರು ಕ್ಯೂಆರ್ ಕೋಡು ಕಿತ್ತು 'ನಗದು ಮಾತ್ರ' ಎಂದು ಅಂಟಿಸಿದರು. ಜಿಎಸ್‌ಟಿಯ 40 ಲಕ್ಷದ ಮಿತಿಗೂ ಅವರ ವಹಿವಾಟಿಗೂ ಬಲು ದೂರ. ತಮಗೂ ನೋಟಿಸು ಬಂದೀತೆಂಬ ಆ ಭಯದಲ್ಲಿ ಚೂರು ಹೆಮ್ಮೆಯೂ ಇತ್ತೆಂದು ನನ್ನ ಗುಮಾನಿ. ನೋಟಿಸು ಬರಲಿಲ್ಲ, ಗಿರಾಕಿಗಳೂ ಬರಲಿಲ್ಲ. ಕ್ಯೂಆರ್ ಸದ್ದಿಲ್ಲದೆ ಗೋಡೆ ಹತ್ತಿತು.

ಮೊನ್ನೆ ಒಬ್ಬ ಹುಡುಗ ಫೋನು ಚಾಚಿ, "ಅಣ್ಣಾ, ಈ ಮನೆ ಎಲ್ಲಿ?" ಎಂದ. ಶೆಟ್ಟರು ಕನ್ನಡಕ ಏರಿಸಿ ಓದಿದರು, ಇನ್ನೊಮ್ಮೆ ಓದಿದರು, ಮಾತಾಡದೆ ಅಂಗಡಿ ಪಕ್ಕದ ಮೆಟ್ಟಿಲು ತೋರಿಸಿದರು. ಮಹಡಿ ಮೇಲಿರುವುದು ಅವರದೇ ಮನೆ. ಚೀಲದಲ್ಲಿದ್ದದ್ದು ಜೀರಿಗೆ. ಮೇಲೆ ಸೊಸೆ ನಾಲಿಗೆ ಕಚ್ಚಿಕೊಂಡು ನಿಂತಿದ್ದಳು. ಕೆಳಗೆ ನಾವು ಮೂರ್ನಾಲ್ಕು ಜನ ಗಿರಾಕಿಗಳು ಶೆಟ್ಟರ ಮುಖವನ್ನೇ ನೋಡುತ್ತಿದ್ದೆವು.

"ನಾನೇ ತರಿಸ್ಕೊಳಮ್ಮಾ ಅಂದಿದ್ದೆ ಸಾರ್," ಎಂದರು ಶೆಟ್ಟರು, ಜೀರಿಗೆ ಡಬ್ಬಕ್ಕೆ ಅಡ್ಡವಾಗಿ ನಿಂತುಕೊಂಡು. "ನಮ್ಮಲ್ಲಿ ಸ್ಟಾಕ್ ಖಾಲಿ."